ಊರಿನ ಹೆಸರಿಲ್ಲದ ರೈಲು, ಬಾಡಿಗೆಗೆ ಹೋದ ಪೈಲ್ವಾನ

ನಮ್ಮ ಕಡೆ ಜಾತ್ರೆಯಲ್ಲಿ ಕುಸ್ತಿ ಇದೆ ಎಂದರೆ ಅದೇನು ಗುಟ್ಟಲ್ಲ. ಹದಿನೈದು ದಿನ ಮೊದಲೇ ಬಸ್ ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ. ಯಾರ ಜೋಡಿ ಯಾರಿಗೆ ಅಂತ ವಾಟ್ಸಾಪ್‌ನಲ್ಲಿ ಫೋಟೊ ಓಡಾಡುತ್ತದೆ. ಆಟೊಗೆ ಮೈಕ್ ಕಟ್ಟಿಕೊಂಡು ಊರೂರಿಗೆ ಸಾರುತ್ತಾರೆ. ಎಲ್ಲಿ ಅಂತ ಯಾರೂ ಕೇಳುವುದಿಲ್ಲ, ಊರಿನ ಅಖಾಡ ಎಲ್ಲಿದೆಯೋ ಅಲ್ಲೇ.

ನಾವು ಇವತ್ತು ಹೇಳಲು ಹೊರಟಿರುವ ಪಂದ್ಯದಲ್ಲಿ ಎಲ್ಲಿ ಎಂಬುದೊಂದೇ ಗುಟ್ಟು. ಉಳಿದದ್ದೆಲ್ಲ ಜಗಜ್ಜಾಹೀರು. ಯಾರು ಯಾರಿಗೆ ಹೊಡೆಯುತ್ತಾರೆ, ಪಣ ಎಷ್ಟು, ತಾರೀಖು ಯಾವುದು ಎಂಬುದು ಆರು ತಿಂಗಳು ಮೊದಲೇ ಅಮೆರಿಕದ ಪೇಪರ್ ಓದುವ ಎಲ್ಲರಿಗೂ ಗೊತ್ತಿತ್ತು. 1889ರ ಜುಲೈ 8. ಒಂದು ಕಡೆ ಜಾನ್ ಎಲ್. ಸಲಿವನ್, ಇನ್ನೊಂದು ಕಡೆ ಜೇಕ್ ಕಿಲ್ರೇನ್. ಕೈಗೆ ಗ್ಲೌಸ್ ಇಲ್ಲ, ಬರಿ ಮುಷ್ಟಿ. ಜಾಗ ಮಾತ್ರ, ನ್ಯೂ ಓರ್ಲಿಯನ್ಸ್ ಪಟ್ಟಣದಿಂದ 200 ಮೈಲಿಯೊಳಗೆ ಎಲ್ಲೋ ಒಂದು ಕಡೆ! ಕರಾರು ಪತ್ರದಲ್ಲಿ ಇದ್ದದ್ದೇ ಅಷ್ಟು.

ಬಾಕ್ಸಿಂಗ್ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸಲಿವನ್ ಕಥೆ ಹೇಳುತ್ತಾರೆ. ಗೆದ್ದವನು ಅವನು, ಹೆಸರು ಮಾಡಿದವನೂ ಅವನೇ. ನಮಗೆ ಮಾತ್ರ ಸೋತವನ ಕಥೆ ಹೇಳಬೇಕು ಅನ್ನಿಸಿದೆ. ಏಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತದೆ.

ಕಿಲ್ರೇನ್‌ನ ನಿಜವಾದ ಹೆಸರು ಜಾನ್ ಜೋಸೆಫ್ ಕಿಲಿಯನ್. ಹುಟ್ಟಿದ್ದು 1859ರಲ್ಲಿ, ಈಗ ನ್ಯೂಯಾರ್ಕಿಗೆ ಸೇರಿರುವ ಗ್ರೀನ್‌ಪಾಯಿಂಟ್ ಎಂಬಲ್ಲಿ. ಮನೆಯವರು ಐರ್ಲೆಂಡ್ ಮೂಲದವರು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಅಮೆರಿಕದಲ್ಲಿ ಅವರಿಗೆ ಸಿಕ್ಕಿದ್ದು ಕಾಲುವೆ ತೋಡುವ, ಇಟ್ಟಿಗೆ ಹೊರುವ, ಕಬ್ಬಿಣದ ಕಾರ್ಖಾನೆಯಲ್ಲಿ ಬೇಯುವ ಕೆಲಸ. ಆ ಕಾಲದ ಹೆಸರಾಂತ ಬಾಕ್ಸರುಗಳಲ್ಲಿ ಇಷ್ಟೊಂದು ಐರಿಷ್ ಹೆಸರು ಏಕೆ ಎಂದರೆ ಉತ್ತರ ಇಲ್ಲಿದೆ. ಸಲಿವನ್ ಕೂಡ ಬಾಸ್ಟನ್ನಿನ ಐರಿಷ್ ಕೂಲಿಕಾರನ ಮಗ.

ಕಿಲ್ರೇನ್ ಇನ್ನೂ ಹುಡುಗನಾಗಿದ್ದಾಗಲೇ ಮ್ಯಾಸಚೂಸೆಟ್ಸ್ ರಾಜ್ಯದ ಸೊಮರ್‌ವಿಲ್ ಎಂಬ ಊರಿಗೆ ಬಂದು ಕಬ್ಬಿಣದ ಮಿಲ್ಲಿಗೆ ಸೇರಿದ. ಕಾದ ಕಬ್ಬಿಣವನ್ನು ರೋಲರುಗಳ ನಡುವೆ ತೂರಿಸಿ ಹಾಳೆ, ಸಲಾಕೆ ಮಾಡುವ ಮಿಲ್ಲು. ಅಲ್ಲಿ ಹೊಸ ಹುಡುಗರಿಗೆ ಹಳಬರು ಹೊಡೆಯುವುದು ಮಾಮೂಲು. ಅವನು ಗುದ್ದುವುದನ್ನು ಕಲಿತದ್ದು ಗರಡಿಯಲ್ಲಿ ಅಲ್ಲ, ಆ ಮಿಲ್ಲಿನ ಅಂಗಳದಲ್ಲಿ, ಏಟು ತಪ್ಪಿಸಿಕೊಳ್ಳಲು.

ಅವನಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು: ದೋಣಿ ಹುಟ್ಟು ಹಾಕುವುದು. 1883ರಲ್ಲಿ ಹವ್ಯಾಸಿಗಳ ದೋಣಿ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದ ಕಿರಿಯರ ಬಹುಮಾನ ಗೆದ್ದ. ಆಮೇಲೆ ಸಂಘಟಕರಿಗೆ ಗೊತ್ತಾಯಿತು, ಈತ ದುಡ್ಡಿಗೆ ಗುದ್ದಾಡುವ ಬಾಕ್ಸರ್ ಅಂತ. ಬಹುಮಾನ ವಾಪಸ್ ಕಿತ್ತುಕೊಂಡರು. ಹವ್ಯಾಸಿ ಎಂದರೆ ದುಡ್ಡಿಗಾಗಿ ಆಡದವನು. ದುಡ್ಡಿನ ಅಗತ್ಯ ಇಲ್ಲದವರು ಬರೆದ ನಿಯಮ ಅದು ಎನ್ನುವುದು ನಮ್ಮ ಅಭಿಪ್ರಾಯ. ದೋಣಿ ಕೈಬಿಟ್ಟ ಮೇಲೆ ಅವನಿಗೆ ಉಳಿದದ್ದು ಮುಷ್ಟಿ ಒಂದೇ.

ಈಗ ಅವನನ್ನು ಕೆಲಸಕ್ಕೆ ಹಿಡಿದವನ ವಿಷಯಕ್ಕೆ ಬರೋಣ. ಪತ್ರಿಕೋದ್ಯಮ ಓದಿದ ನಮಗೆ ಈ ಮನುಷ್ಯನ ಬಗ್ಗೆ ಸ್ವಲ್ಪ ಹೆಚ್ಚು ಕುತೂಹಲ. ಹೆಸರು ರಿಚರ್ಡ್ ಕೆ. ಫಾಕ್ಸ್, ನ್ಯೂಯಾರ್ಕಿನ 'ಪೊಲೀಸ್ ಗೆಜೆಟ್' ಎಂಬ ವಾರಪತ್ರಿಕೆಯ ಮಾಲೀಕ. ಹೆಸರು ಕೇಳಿ ಸರ್ಕಾರಿ ಗೆಜೆಟ್ ಅಂದುಕೊಳ್ಳಬೇಡಿ. ಗುಲಾಬಿ ಬಣ್ಣದ ಕಾಗದ, ಕೊಲೆ ಸುಲಿಗೆ ಸುದ್ದಿ, ನಾಟಕದ ಹೆಣ್ಣುಮಕ್ಕಳ ಚಿತ್ರ, ಜೊತೆಗೆ ಬಾಕ್ಸಿಂಗ್. ಕ್ಷೌರದಂಗಡಿಯಲ್ಲಿ ಮತ್ತು ಹೆಂಡದಂಗಡಿಯಲ್ಲಿ ಕಾಯುತ್ತ ಕುಳಿತವರು ಓದುವ ಪತ್ರಿಕೆ ಅದು.

ಫಾಕ್ಸ್‌ಗೂ ಸಲಿವನ್‌ಗೂ ಆಗುತ್ತಿರಲಿಲ್ಲ. ನ್ಯೂಯಾರ್ಕಿನ ಒಂದು ಸಲೂನಿನಲ್ಲಿ ಕುಳಿತಿದ್ದ ಫಾಕ್ಸ್, ಸಲಿವನ್‌ನನ್ನು ತನ್ನ ಟೇಬಲ್ಲಿಗೆ ಕರೆಸಿದನಂತೆ. ಬೇಕಾದರೆ ಅವನೇ ಇಲ್ಲಿಗೆ ಬರಲಿ ಎಂದು ಸಲಿವನ್ ಹೇಳಿಕಳಿಸಿದನಂತೆ. ಇದು ನಡೆದದ್ದೋ ಕಟ್ಟಿದ್ದೋ, ಆ ಕಾಲದವರೆಲ್ಲ ಹೇಳುತ್ತಿದ್ದ ಕಥೆ. ಆದರೆ ಫಾಕ್ಸ್ ವರ್ಷಗಟ್ಟಲೆ ಸಲಿವನ್‌ನನ್ನು ಸೋಲಿಸುವ ಆಳಿಗಾಗಿ ಹುಡುಕಿದ್ದು ಕಥೆಯಲ್ಲ. ಒಬ್ಬೊಬ್ಬರನ್ನಾಗಿ ತಂದು ನಿಲ್ಲಿಸಿದ. ಹಾಗೆ ಹುಡುಕುತ್ತಾ ಸಿಕ್ಕಿದವನು ಕಿಲ್ರೇನ್.

1887ರಲ್ಲಿ ಕಿಲ್ರೇನ್ ಹೆಸರಿನಲ್ಲಿ ಸಲಿವನ್‌ಗೆ ಸವಾಲು ಹೋಯಿತು. ಸಲಿವನ್ ಆ ವರ್ಷದ ಶುರುವಿನಲ್ಲೇ ಒಂದು ಪಂದ್ಯದಲ್ಲಿ ಎಡಗೈ ಮುರಿದುಕೊಂಡಿದ್ದ, ಒಪ್ಪಲಿಲ್ಲ. ಫಾಕ್ಸ್ ತಡ ಮಾಡಲಿಲ್ಲ. ತನ್ನ ಪತ್ರಿಕೆಯಲ್ಲಿ ಕಿಲ್ರೇನ್ ಚಾಂಪಿಯನ್ ಎಂದು ಘೋಷಿಸಿ, ಬೆಳ್ಳಿಯ ಬೆಲ್ಟು ಮಾಡಿಸಿ ತೊಡಿಸಿದ. ನೋಡಿ, ಚಾಂಪಿಯನ್‌ನನ್ನು ಮಾಡಿದವನು ಪೇಪರಿನ ಮಾಲೀಕ, ಆ ಚಾಂಪಿಯನ್ ಬಗ್ಗೆ ಸುದ್ದಿ ಬರೆದು ಪೇಪರ್ ಮಾರಿದವನೂ ಅವನೇ. ಇದಕ್ಕೆ ಸಿಟ್ಟಾದ ಬಾಸ್ಟನ್ ಜನ ಚಂದಾ ಎತ್ತಿ ಸಲಿವನ್‌ಗೆ ವಜ್ರ ಕೂರಿಸಿದ ಚಿನ್ನದ ಬೆಲ್ಟ್ ಕೊಟ್ಟರು. ಬೆಲ್ಟಿಗೆ ಬೆಲ್ಟು.

ಆ ವರ್ಷದ ಕೊನೆಯಲ್ಲಿ ಫಾಕ್ಸ್ ತನ್ನ ಆಳನ್ನು ಫ್ರಾನ್ಸಿಗೆ ಕಳಿಸಿದ, ಇಂಗ್ಲೆಂಡಿನ ಜೆಮ್ ಸ್ಮಿತ್ ಜೊತೆ ಗುದ್ದಾಡಲು. ಇಂಗ್ಲೆಂಡಿನಲ್ಲಿ ಆಡುವಂತಿಲ್ಲ, ಪೊಲೀಸರು ಬರುತ್ತಾರೆ. ಹಾಗಾಗಿ ಸೀನ್ ನದಿಯ ನಡುವಿನ ಒಂದು ಸಣ್ಣ ದ್ವೀಪ. ಡಿಸೆಂಬರ್ ಚಳಿಯಲ್ಲಿ 106 ಸುತ್ತು, ಸುಮಾರು ಎರಡೂವರೆ ಗಂಟೆ. ಕತ್ತಲಾಗಿ ಮುಖ ಕಾಣದೆ ಪಂದ್ಯ ಡ್ರಾ ಆಯಿತು. ಮೂರು ತಿಂಗಳಿಗೆ ಸಲಿವನ್ ಕೂಡ ಅದೇ ಫ್ರಾನ್ಸಿನಲ್ಲಿ, ಶಾಂಟಿಯಿ ಎಂಬಲ್ಲಿ, ಚಾರ್ಲಿ ಮಿಚೆಲ್ ಎಂಬ ಇಂಗ್ಲಿಷ್ ಬಾಕ್ಸರ್ ಜೊತೆ ಮಳೆಯಲ್ಲಿ ನೆನೆಯುತ್ತಾ ಮೂರು ಗಂಟೆ ಗುದ್ದಾಡಿದ. ಅದೂ ಡ್ರಾ. ಕೊನೆಗೆ ಪೊಲೀಸರು ಬಂದು ಹಿಡಿದರು.

ಇಲ್ಲಿ ಆಟದ ನಿಯಮ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ 106 ಸುತ್ತು ಎಂದರೆ ನೀವು ನಂಬುವುದಿಲ್ಲ. ಈಗಿನ ಬಾಕ್ಸಿಂಗಿನಲ್ಲಿ ಸುತ್ತು ಎಂದರೆ ಮೂರು ನಿಮಿಷ, ಗಂಟೆ ಹೊಡೆದರೆ ಮುಗಿಯಿತು. ಆಗಿನ ಲಂಡನ್ ನಿಯಮದಲ್ಲಿ ಗಡಿಯಾರದ ಲೆಕ್ಕ ಇರಲಿಲ್ಲ. ಒಬ್ಬ ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿದಂತೆ. ಅದು ಹತ್ತು ಸೆಕೆಂಡಿಗೂ ಆಗಬಹುದು, ಹತ್ತು ನಿಮಿಷಕ್ಕೂ ಆಗಬಹುದು. ಬಿದ್ದ ಮೇಲೆ 30 ಸೆಕೆಂಡ್ ವಿಶ್ರಾಂತಿ. ಆಮೇಲೆ ಎಂಟು ಸೆಕೆಂಡಿನೊಳಗೆ, ಯಾರ ಆಸರೆಯೂ ಇಲ್ಲದೆ, ಅಖಾಡದ ನಡುವೆ ಎಳೆದ ಗೆರೆಗೆ ಬಂದು ನಿಲ್ಲಬೇಕು. ನಿಲ್ಲಲಾಗದವನು ಸೋತ. ಸೊಂಟದಿಂದ ಮೇಲೆ ಹಿಡಿದು ನಮ್ಮ ಕುಸ್ತಿಯ ಹಾಗೆ ಎತ್ತಿ ಹಾಕಬಹುದು. ಬಿದ್ದವನಿಗೆ ಹೊಡೆಯುವಂತಿಲ್ಲ. ಇಷ್ಟು ಸುತ್ತು ಅಂತ ಮಿತಿ ಇಲ್ಲ, ಸಂಜೆಯವರೆಗೆ ಅಂತಲೂ ಇಲ್ಲ. ಒಬ್ಬನ ಕಾಲು ನಿಲ್ಲದಾಗುವವರೆಗೆ.

ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜಟ್ಟಿ ಕಾಳಗವನ್ನು ಟಿವಿಯಲ್ಲಾದರೂ ನೋಡಿರುತ್ತೀರಿ. ಅಲ್ಲಿ ತಲೆಯಿಂದ ರಕ್ತದ ಮೊದಲ ಹನಿ ಕಂಡ ಕೂಡಲೇ ಮುಗಿಯಿತು. ಅಮೆರಿಕದವರ ಈ ಆಟದಲ್ಲೂ ಮೊದಲ ರಕ್ತಕ್ಕೆ ಬೆಲೆ ಇತ್ತು, ಆದರೆ ಬೇರೆ ಥರ: ಯಾರಿಗೆ ಮೊದಲು ರಕ್ತ ಬರುತ್ತದೆ ಅಂತ ಪ್ರೇಕ್ಷಕರು ಬೇರೆಯಾಗಿ ಬಾಜಿ ಕಟ್ಟುತ್ತಿದ್ದರು. ರಕ್ತ ಬಂದ ಮೇಲೂ ಆಟ ನಡೆಯುತ್ತಲೇ ಇರುತ್ತಿತ್ತು.

1889ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಎರಡೂ ಕಡೆಯವರು ಕುಳಿತು ಕರಾರು ಮಾಡಿಕೊಂಡರು. ಒಂದೊಂದು ಕಡೆಯಿಂದ 10,000 ಡಾಲರ್ ಪಣ, ಗೆದ್ದವನಿಗೆ ಪೂರಾ 20,000. ಆ ಕಾಲದ ಕೂಲಿಕಾರನ ದಿನಗೂಲಿ ಒಂದು, ಒಂದೂವರೆ ಡಾಲರ್. ಒಂದು ಕಡೆಯ ಪಣವೇ ಅಂಥವನೊಬ್ಬನ ಇಪ್ಪತ್ತು ವರ್ಷದ ಸಂಪಾದನೆಗಿಂತ ಹೆಚ್ಚು. ಕಬ್ಬಿಣದ ಮಿಲ್ಲಿನಿಂದ ಬಂದ ಕಿಲ್ರೇನ್ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಪಣ ಕಟ್ಟಿದವನು ಫಾಕ್ಸ್. ಮೈ ಒಬ್ಬನದು, ದುಡ್ಡು ಇನ್ನೊಬ್ಬನದು.

ಸಲಿವನ್ ಸ್ಥಿತಿಯೂ ಚೆನ್ನಾಗಿರಲಿಲ್ಲ. ಕುಡಿತ ಮಿತಿ ಮೀರಿತ್ತು. 1888ರಲ್ಲಿ ಸಾಯುವಷ್ಟು ಕಾಯಿಲೆ ಬಿದ್ದು ಎದ್ದಿದ್ದ, ಹೊಟ್ಟೆ ಬಂದಿತ್ತು. ಅವನ ಕಡೆಯವರು ವಿಲಿಯಂ ಮುಲ್ಡೂನ್ ಎಂಬ ಕುಸ್ತಿ ಪೈಲ್ವಾನನ ಕೈಗೆ ಅವನನ್ನು ಒಪ್ಪಿಸಿದರು. ಸೋತರೆ ತನಗೆ ಒಂದು ಪೈಸೆಯೂ ಬೇಡ ಎಂಬ ಷರತ್ತಿನ ಮೇಲೆ ಮುಲ್ಡೂನ್ ಒಪ್ಪಿಕೊಂಡ. ನ್ಯೂಯಾರ್ಕ್ ರಾಜ್ಯದ ಬೆಲ್‌ಫಾಸ್ಟ್ ಎಂಬ ಹಳ್ಳಿಯ ತನ್ನ ಜಾಗಕ್ಕೆ ಕರೆದುಕೊಂಡು ಹೋಗಿ ನಡೆಸಿದ, ಓಡಿಸಿದ, ತನ್ನ ಜೊತೆ ಕುಸ್ತಿ ಹಿಡಿಸಿದ, ಬಾಟಲಿ ಮುಟ್ಟಲು ಬಿಡಲಿಲ್ಲ. ಎರಡು ತಿಂಗಳಲ್ಲಿ ಬೊಜ್ಜೆಲ್ಲ ಕರಗಿತು. ಮುಲ್ಡೂನನ ಆ ಕೊಟ್ಟಿಗೆ ಇವತ್ತಿಗೂ ಇದೆ, ಬರಿಗೈ ಬಾಕ್ಸಿಂಗಿನ ಮ್ಯೂಸಿಯಂ ಆಗಿದೆ.

ಜುಲೈ ಹತ್ತಿರ ಬಂದ ಹಾಗೆ ಗುಟ್ಟಿನ ಆಟ ಶುರುವಾಯಿತು. ಹಣಕ್ಕಾಗಿ ಬರಿಗೈಯಲ್ಲಿ ಗುದ್ದಾಡುವುದು ಕಾನೂನಿನ ಪ್ರಕಾರ ಅಪರಾಧ. ಲೂಸಿಯಾನದ ಗವರ್ನರ್ ನಮ್ಮ ರಾಜ್ಯದಲ್ಲಿ ಬೇಡ ಅಂದ. ಪಕ್ಕದ ಮಿಸಿಸಿಪ್ಪಿಯ ಗವರ್ನರ್ ರಾಬರ್ಟ್ ಲೌರಿ ಯಾವ ಕಾರಣಕ್ಕೂ ಬಿಡುವುದಿಲ್ಲ ಅಂದ. ಆದರೂ ನ್ಯೂ ಓರ್ಲಿಯನ್ಸಿನಲ್ಲಿ ಜನ ತುಂಬಿದರು. ಹೋಟೆಲುಗಳಲ್ಲಿ ಜಾಗ ಇಲ್ಲ. ರೈಲು ಟಿಕೆಟ್ ಮಾರಾಟವಾಯಿತು, ಹತ್ತು ಡಾಲರ್, ಅಖಾಡದ ಹತ್ತಿರ ಕೂರಬೇಕೆಂದರೆ ಹದಿನೈದು. ಕೂಲಿಕಾರನ ಹದಿನೈದು ದಿನದ ದುಡಿಮೆ ಎಂದುಕೊಳ್ಳಿ. ಎಲ್ಲಿಗೆ ಹೋಗುತ್ತೇವೆ ಎಂಬುದು ಕೊಂಡವರಿಗೆ ಗೊತ್ತಿಲ್ಲ. ರೈಲು ನಿಂತ ಕಡೆ ಇಳಿಯಬೇಕು.

ರೈಲು ನಿಂತದ್ದು ನ್ಯೂ ಓರ್ಲಿಯನ್ಸಿನಿಂದ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ದೂರದ ರಿಚ್‌ಬರ್ಗ್‌ನಲ್ಲಿ. ಮಿಸಿಸಿಪ್ಪಿಯ ಪೈನ್ ಮರದ ಕಾಡಿನ ನಡುವೆ ಒಂದು ಸಾಮಿಲ್ಲು, ಕೆಲಸಗಾರರ ನಾಲ್ಕು ಮನೆ, ಅಷ್ಟೇ ಊರು. ಮಿಲ್ಲು, ಕಾಡು ಎರಡೂ ಚಾರ್ಲ್ಸ್ ರಿಚ್ ಎಂಬ ಯುವಕನದು. ಊರಿನ ಹೆಸರೂ ಅವನದೇ. ನ್ಯೂ ಓರ್ಲಿಯನ್ಸಿನ ಸಂಘಟಕರಿಗೆ ಜಾಗ ಕೊಟ್ಟವನು ಅವನು. ಅವನ ಮಿಲ್ಲಿನ ಆಳುಗಳು ರಾತ್ರೋರಾತ್ರಿ ದೀಪದ ಬೆಳಕಿನಲ್ಲಿ ಹಸಿ ಪೈನ್ ಹಲಗೆ ಹೊಡೆದು ಪ್ರೇಕ್ಷಕರಿಗೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಅಟ್ಟಣಿಗೆ ಕಟ್ಟಿದರು.

ಹಸಿ ಹಲಗೆ ಎಂದೆವಲ್ಲ, ಅದೂ ಒಂದು ಫಜೀತಿ ಮಾಡಿತು. ಬಿಸಿಲೇರಿದಂತೆ ಪೈನ್ ಹಲಗೆಯಿಂದ ರಾಳ ಒಸರಿ, ದುಬಾರಿ ಸೂಟು ಹಾಕಿಕೊಂಡು ಕೂತಿದ್ದವರ ಬಟ್ಟೆಗೆಲ್ಲ ಅಂಟಿಕೊಂಡಿತು.

ಸೋಮವಾರ ಬೆಳಿಗ್ಗೆ, ಹತ್ತು ಗಂಟೆ ದಾಟಿತ್ತು. ಸುಮಾರು ಮೂರು ಸಾವಿರ ಜನ. ಅಷ್ಟೊತ್ತಿಗೆ ಆ ಜಿಲ್ಲೆಯ ಶೆರಿಫ್ ಅಖಾಡಕ್ಕೆ ಬಂದ. ಮಿಸಿಸಿಪ್ಪಿ ರಾಜ್ಯದ ಹೆಸರಿನಲ್ಲಿ ಶಾಂತಿ ಕಾಪಾಡಬೇಕು ಎಂದು ಎಲ್ಲರಿಗೂ ಕೇಳುವ ಹಾಗೆ ಆಜ್ಞೆ ಮಾಡಿದ. ಮಾಡಿ ಪಕ್ಕಕ್ಕೆ ಸರಿದ. ಪಂದ್ಯ ಶುರುವಾಯಿತು.

ನಮಗೆ ಈ ಶೆರಿಫ್ ಮೇಲೆ ಸಿಟ್ಟು ಬರುವುದಕ್ಕಿಂತ ನಗು ಬರುತ್ತದೆ. ಕಾಗದದ ಮೇಲೆ ಅವನ ಕರ್ತವ್ಯ ಮುಗಿದಿತ್ತು.

ಮೊದಲ ಸುತ್ತು ಕಿಲ್ರೇನ್‌ನದು. ಸಲಿವನ್ ನುಗ್ಗಿದ್ದೇ ತಡ, ಹಿಡಿದು ಎತ್ತಿ ಹಾಕಿದ, ಕೆಲವೇ ಸೆಕೆಂಡಿನಲ್ಲಿ. ಮೊದಲ ರಕ್ತವೂ ಅವನ ಕಡೆಗೇ, ಸಲಿವನ್‌ನ ಕಿವಿಯಿಂದ ಬಂತು. ಬಾಜಿ ಕಟ್ಟಿದವರು ಅಲ್ಲೇ ಲೆಕ್ಕ ಚುಕ್ತಾ ಮಾಡಿಕೊಂಡರು. ಆದರೆ ಗುದ್ದಿನ ಬಲದಲ್ಲಿ ಸಲಿವನ್ ಮುಂದೆ ಅವನು ನಿಲ್ಲುವ ಹಾಗಿರಲಿಲ್ಲ. ಹತ್ತು ಕಿಲೋ ತೂಕದ ವ್ಯತ್ಯಾಸ ಇತ್ತು. ಕಿಲ್ರೇನ್ ಕಡೆಯವರ ಲೆಕ್ಕ ಬೇರೆ: ಸಲಿವನ್ ಕುಡಿದು ಕೆಟ್ಟವನು, ಉಸಿರು ಬಹಳ ಹೊತ್ತು ಬರುವುದಿಲ್ಲ, ಎಳೆದಷ್ಟೂ ನಮಗೆ ಲಾಭ. ಹಾಗಾಗಿ ಕಿಲ್ರೇನ್ ಹಿಂದೆ ಹಿಂದೆ ಸರಿಯುತ್ತಾ, ಸಣ್ಣ ಏಟು ಬಿದ್ದರೂ ನೆಲ ಹಿಡಿಯುತ್ತಾ, ಸುತ್ತು ಮುಗಿಸುತ್ತಾ ಹೋದ. ಸಲಿವನ್‌ಗೆ ರೇಗುತ್ತಿತ್ತು.

ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಮೇಲಿತ್ತು. ಇಬ್ಬರೂ ಸೊಂಟದ ಮೇಲೆ ಬರಿಮೈ. ತಲೆಯ ಮೇಲೆ ಚಪ್ಪರ ಇಲ್ಲ, ಮರದ ನೆರಳಿಲ್ಲ. ಬೆನ್ನಿನ ಚರ್ಮ ಸುಟ್ಟು ಬೊಬ್ಬೆ ಎದ್ದಿತು. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳ ಹನ್ನೆರಡು ಗಂಟೆಯಲ್ಲಿ ಹೊಲದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ಕಿಲ್ರೇನ್‌ಗೆ ಅವನ ಕಡೆಯವರು ಕೊಡುತ್ತಿದ್ದದ್ದು ವಿಸ್ಕಿ. ನೋವು ಗೊತ್ತಾಗದಿರಲಿ, ಕಾಲು ನಿಲ್ಲಲಿ ಅಂತ. ಸುತ್ತು ಮುಗಿದಾಗಲೆಲ್ಲ ಬಾಟಲಿ. ನೀರಡಿಕೆ ಇನ್ನೂ ಹೆಚ್ಚಾಗುತ್ತದೆ ಎಂಬುದು ಆಗಿನವರ ತಲೆಗೆ ಹೋಗಿರಲಿಲ್ಲ.

44ನೇ ಸುತ್ತಿನಲ್ಲಿ ಸಲಿವನ್ ವಾಂತಿ ಮಾಡಿಕೊಂಡ. ಅವನಿಗೆ ಚಹಾದಲ್ಲಿ ವಿಸ್ಕಿ ಬೆರೆಸಿ ಕೊಟ್ಟಿದ್ದರು. ಹೊಟ್ಟೆ ಚಹಾ ಮಾತ್ರ ಹೊರಗೆ ಹಾಕಿತು, ವಿಸ್ಕಿ ಉಳಿಸಿಕೊಂಡಿತು ಎಂಬ ತಮಾಷೆ ಆಮೇಲೆ ಹುಟ್ಟಿಕೊಂಡಿತು. ಆ ಗಳಿಗೆಯಲ್ಲಿ ಕಿಲ್ರೇನ್ ಸುಮ್ಮನೆ ನಿಂತ, ಹೊಡೆಯಲಿಲ್ಲ. ಡ್ರಾ ಮಾಡಿಕೊಳ್ಳೋಣವೇ ಅಂತ ಕೇಳಿದ. ಸಲಿವನ್ ಬೇಡ ಅಂದ. ಇಡೀ ಪಂದ್ಯದಲ್ಲಿ ನಮಗೆ ಮನಸ್ಸಿಗೆ ತಟ್ಟಿದ ಗಳಿಗೆ ಇದು. ಎದುರಾಳಿ ಬಗ್ಗಿ ವಾಂತಿ ಮಾಡುತ್ತಿದ್ದಾನೆ, ಬೀಳಿಸಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಅದನ್ನು ಬಿಟ್ಟುಕೊಟ್ಟವನು ಸೋಲುವ ಮನುಷ್ಯ. ಆದರೆ ಆಮೇಲೆ ಅವರಿಬ್ಬರು ಸ್ನೇಹಿತರಾಗಿ ಹೇಗೆ ಉಳಿದರು ಎಂಬುದಕ್ಕೂ ಕಾರಣ ಇಲ್ಲೇ ಇರಬಹುದು.

ಅಲ್ಲಿಂದ ಮುಂದೆ ಸಲಿವನ್ ಚೇತರಿಸಿಕೊಂಡ, ಕಿಲ್ರೇನ್ ಇಳಿಯುತ್ತಾ ಹೋದ. ಐವತ್ತು, ಅರವತ್ತು, ಎಪ್ಪತ್ತು. ಪ್ರತಿ ಸಲ ಬೀಳುತ್ತಾನೆ, ಹೊತ್ತುಕೊಂಡು ಮೂಲೆಗೆ ತರುತ್ತಾರೆ, ಒರೆಸುತ್ತಾರೆ, ಮತ್ತೆ ಗೆರೆಗೆ ಹೋಗಿ ನಿಲ್ಲುತ್ತಾನೆ. ಕುತ್ತಿಗೆ ನಿಲ್ಲದೆ ತಲೆ ವಾಲುತ್ತಿತ್ತು. ಅವನ ಮೂಲೆಯಲ್ಲಿ ಇಬ್ಬರಿದ್ದರು. ಒಬ್ಬ ಅದೇ ಚಾರ್ಲಿ ಮಿಚೆಲ್, ಸಲಿವನ್‌ನ ಹಳೇ ವೈರಿ, ಆಟ ನಿಲ್ಲಿಸುವ ಮನಸ್ಸು ಅವನಿಗಿಲ್ಲ. ಇನ್ನೊಬ್ಬ ಮೈಕ್ ಡೊನೊವನ್, ತಾನೂ ಹಳೆಯ ಬಾಕ್ಸರ್. ಅಲ್ಲಿದ್ದ ಒಬ್ಬ ಡಾಕ್ಟರು ಇನ್ನೂ ಮುಂದುವರಿಸಿದರೆ ಈತ ಸಾಯುತ್ತಾನೆ ಎಂದು ಎಚ್ಚರಿಸಿದ. 75ನೇ ಸುತ್ತು ಮುಗಿದಿತ್ತು. ಕಿಲ್ರೇನ್ ಮತ್ತೆ ಏಳಲು ನೋಡುತ್ತಿದ್ದಾಗ ಡೊನೊವನ್ ಸ್ಪಂಜು ಎತ್ತಿ ಅಖಾಡದೊಳಕ್ಕೆ ಎಸೆದ. ಸೋಲು ಒಪ್ಪಿದೆವು ಎಂಬುದಕ್ಕೆ ಅದು ಗುರುತು. 2 ಗಂಟೆ 16 ನಿಮಿಷ 23 ಸೆಕೆಂಡ್ ಆಗಿತ್ತು.

ಕಿಲ್ರೇನ್ ಅತ್ತ ಎಂದು ನೋಡಿದವರು ಬರೆದಿದ್ದಾರೆ.

ರೈಲುಗಳು ವಾಪಸ್ ಹೊರಟವು. ಜನ ನ್ಯೂ ಓರ್ಲಿಯನ್ಸ್ ಸೇರಿದರು, ಪೇಪರುಗಳು ಪುಟಗಟ್ಟಲೆ ಬರೆದವು. ಗುಟ್ಟು ಮುಗಿದದ್ದೇ ಕಾನೂನು ಎಚ್ಚರವಾಯಿತು. ಗವರ್ನರ್ ಲೌರಿಗೆ ಅವಮಾನವಾಗಿತ್ತು, ಹಿಡಿದುಕೊಟ್ಟವರಿಗೆ ಬಹುಮಾನ ಎಂದು ಸಾರಿದ. ಸಲಿವನ್‌ನನ್ನು ದಾರಿಯಲ್ಲಿ ನ್ಯಾಶ್‌ವಿಲ್ಲಿನಲ್ಲಿ ಇಳಿಸಿಕೊಂಡರು, ಅಲ್ಲಿನ ನ್ಯಾಯಾಧೀಶರು ಬಿಟ್ಟರು, ಆಮೇಲೆ ಮತ್ತೆ ನ್ಯೂಯಾರ್ಕಿನಲ್ಲಿ ಹಿಡಿದು ಮಿಸಿಸಿಪ್ಪಿಗೆ ತಂದರು. ರಿಚ್‌ಬರ್ಗ್ ಹತ್ತಿರದ ಪರ್ವಿಸ್ ಎಂಬ ಊರಿನ ಕೋರ್ಟಿನಲ್ಲಿ ಅವನಿಗೆ ಒಂದು ವರ್ಷ ಜೈಲು ಅಂತ ತೀರ್ಪಾಯಿತು. ಅವನು ಮೇಲಿನ ಕೋರ್ಟಿಗೆ ಹೋದ, ಒಳ್ಳೆ ವಕೀಲರಿದ್ದರು. ಆರೋಪ ಪಟ್ಟಿಯಲ್ಲಿ ತಪ್ಪಿದೆ ಎಂದು ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಿತು. ಕೊನೆಗೆ ತಪ್ಪೊಪ್ಪಿ ದಂಡ ಕಟ್ಟಿ ಹೊರಬಂದ. ಗೆದ್ದ ದುಡ್ಡಿನಲ್ಲಿ ಬಹುಪಾಲು ಆ ಕೇಸಿಗೇ ಹೋಯಿತು.

ಕಿಲ್ರೇನ್ ಪಾಲಿಗೆ ಗೆದ್ದ ದುಡ್ಡೂ ಇರಲಿಲ್ಲ. 1889ರ ಡಿಸೆಂಬರಿನಲ್ಲಿ ಅದೇ ಪರ್ವಿಸ್ ಕೋರ್ಟು ಅವನಿಗೆ ಎರಡು ತಿಂಗಳ ಜೈಲು, 200 ಡಾಲರ್ ದಂಡ ಹಾಕಿತು.

ನಾವು ಈ ಲೇಖನ ಬರೆಯಲು ಕಾರಣವಾದ ಸಂಗತಿ ಈಗ ಬರುತ್ತದೆ. ಮಿಸಿಸಿಪ್ಪಿಯಲ್ಲಿ ಆಗ ಕೈದಿಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಇತ್ತು. ದುಡ್ಡು ಕಟ್ಟಿದರೆ ಖಾಸಗಿಯವರು ಕೈದಿಯನ್ನು ಜೈಲಿನಿಂದ ತಮ್ಮ ಜಾಗಕ್ಕೆ ಕರೆದುಕೊಂಡು ಹೋಗಿ ದುಡಿಸಿಕೊಳ್ಳಬಹುದು. ಆ ಕಾನೂನಿನಡಿ ಕಿಲ್ರೇನ್‌ನನ್ನು ಬಾಡಿಗೆಗೆ ಪಡೆದವನು ಯಾರು ಗೊತ್ತೇ? ಚಾರ್ಲ್ಸ್ ರಿಚ್. ಪಂದ್ಯಕ್ಕೆ ಜಾಗ ಕೊಟ್ಟವನು, ರಾತ್ರೋರಾತ್ರಿ ಅಟ್ಟಣಿಗೆ ಕಟ್ಟಿಸಿದವನು, ಅವನೇ. ಯಾವ ಊರಿನಲ್ಲಿ ಗುದ್ದಾಡಿದ ಅಪರಾಧಕ್ಕೆ ಶಿಕ್ಷೆಯಾಯಿತೋ ಅದೇ ಊರಿನಲ್ಲಿ, ಅದೇ ಯಜಮಾನನ ಬಳಿ ಶಿಕ್ಷೆ ಅನುಭವಿಸಿದ.

ರಿಚ್ ಅವನನ್ನು ಕಷ್ಟಪಡಿಸಲಿಲ್ಲ. ಮನೆಗೆ ಬಂದ ನೆಂಟನ ಹಾಗೆ ನೋಡಿಕೊಂಡ. ಜೈಲು ತಪ್ಪಿಸಲೆಂದೇ ಹೀಗೆ ಮಾಡಿದ್ದು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆ ಕಾನೂನು ಇದ್ದದ್ದು ಕಿಲ್ರೇನ್‌ನಂಥ ಹೆಸರುವಾಸಿ ಬಿಳಿಯರಿಗೆ ಉಪಕಾರ ಮಾಡಲು ಅಲ್ಲ. 1865ರಲ್ಲಿ ಗುಲಾಮಗಿರಿ ನಿಂತ ಮೇಲೆ ದಕ್ಷಿಣದ ಜಮೀನುದಾರರಿಗೆ, ರೈಲು ಕಂಪನಿಗಳಿಗೆ ಬಿಟ್ಟಿ ಆಳು ಬೇಕಾಗಿತ್ತು. ಮಿಸಿಸಿಪ್ಪಿಯಲ್ಲಿ 1876ರಲ್ಲಿ ಒಂದು ಕಾನೂನು ಬಂತು. ಒಂದು ಹಂದಿಯನ್ನೋ ದನವನ್ನೋ ಕದ್ದರೂ ದೊಡ್ಡ ಕಳ್ಳತನ, ಐದು ವರ್ಷದವರೆಗೆ ಶಿಕ್ಷೆ. ಜನ ಅದನ್ನು ಹಂದಿ ಕಾನೂನು ಅಂತಲೇ ಕರೆದರು. ಜೈಲು ತುಂಬಿತು, ಒಳಗೆ ಬಿದ್ದವರಲ್ಲಿ ಬಹುತೇಕ ಎಲ್ಲರೂ ಕರಿಯರು, ನಿನ್ನೆ ಮೊನ್ನೆಯವರೆಗೆ ಗುಲಾಮರಾಗಿದ್ದವರು ಅಥವಾ ಅವರ ಮಕ್ಕಳು. ಅವರನ್ನು ರೈಲು ಹಳಿ ಹಾಸಲು, ಜೌಗಿನಲ್ಲಿ ಕಾಡು ಕಡಿಯಲು, ಹತ್ತಿ ಹೊಲಕ್ಕೆ ಬಾಡಿಗೆಗೆ ಕೊಟ್ಟರು. ಗುಲಾಮನನ್ನಾದರೆ ದುಡ್ಡು ಕೊಟ್ಟು ಕೊಂಡಿರುತ್ತಾರೆ, ಸತ್ತರೆ ನಷ್ಟ. ಬಾಡಿಗೆ ಕೈದಿ ಸತ್ತರೆ ಇನ್ನೊಬ್ಬನನ್ನು ಕಳಿಸುತ್ತಾರೆ. ಜ್ವರಕ್ಕೆ, ಹೊಡೆತಕ್ಕೆ, ಹಸಿವಿಗೆ ಗುಂಪು ಗುಂಪಾಗಿ ಸತ್ತರು. 1890ರ ಹೊಸ ಸಂವಿಧಾನದಲ್ಲಿ ಮಿಸಿಸಿಪ್ಪಿ ರಾಜ್ಯ ಸೆರೆಮನೆಯ ಕೈದಿಗಳನ್ನು ಖಾಸಗಿಯವರಿಗೆ ಬಾಡಿಗೆ ಕೊಡುವುದನ್ನು ನಿಲ್ಲಿಸಲು ತೀರ್ಮಾನಿಸಿತು, ಅದಕ್ಕೂ 1894ರ ಕೊನೆಯವರೆಗೆ ಗಡುವು ಇಟ್ಟುಕೊಂಡಿತು.

ಕಿಲ್ರೇನ್‌ನ 75 ಸುತ್ತಿನ ಲೆಕ್ಕ ಸೆಕೆಂಡು ಸಮೇತ ನಮಗೆ ಸಿಗುತ್ತದೆ. ಅದೇ ಪೈನ್ ಕಾಡುಗಳಲ್ಲಿ ಬಾಡಿಗೆಗೆ ಹೋಗಿ ವಾಪಸ್ ಬರದವರ ಬಗ್ಗೆ ಅಷ್ಟು ಪುಟ ಯಾವ ಪೇಪರೂ ಬರೆಯಲಿಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇವೆ. ಬರಿಗೈಯಲ್ಲಿ ಹೆವಿವೇಟ್ ಚಾಂಪಿಯನ್ ಪಟ್ಟಕ್ಕೆ ನಡೆದ ಕೊನೆಯ ದೊಡ್ಡ ಪಂದ್ಯ ಇದೇ ಆಯಿತು. ಇನ್ನು ಮುಂದೆ ಗ್ಲೌಸ್ ಇಲ್ಲದೆ ಆಡುವುದಿಲ್ಲ ಎಂದು ಸಲಿವನ್ ಹೇಳಿಬಿಟ್ಟ. ಮೂರೇ ವರ್ಷಕ್ಕೆ, 1892ರ ಸೆಪ್ಟೆಂಬರಿನಲ್ಲಿ, ಅದೇ ನ್ಯೂ ಓರ್ಲಿಯನ್ಸಿನಲ್ಲಿ ಯಾವ ಗುಟ್ಟೂ ಇಲ್ಲದೆ, ಕರೆಂಟ್ ದೀಪದ ಬೆಳಕಿನಲ್ಲಿ, ಗ್ಲೌಸ್ ತೊಟ್ಟು ಜಿಮ್ ಕಾರ್ಬೆಟ್ ಎಂಬ ಹುಡುಗನ ಕೈಯಲ್ಲಿ 21ನೇ ಸುತ್ತಿಗೆ ಸೋತ. 1905ರಲ್ಲಿ ಕುಡಿತ ಬಿಟ್ಟು, ಕುಡಿಯಬೇಡಿ ಎಂದು ಊರೂರಲ್ಲಿ ಭಾಷಣ ಮಾಡಿದ.

ಕಿಲ್ರೇನ್ ಅದೇ ಕಾರ್ಬೆಟ್‌ಗೆ ಎರಡು ವರ್ಷ ಮೊದಲೇ ಸೋತಿದ್ದ. ಆಮೇಲೂ ಕೆಲವು ವರ್ಷ ಆಡಿದ, ಹೆಂಡದಂಗಡಿ ನಡೆಸಿದ, ಅದು ಕೈಹಿಡಿಯಲಿಲ್ಲ. ಇಬ್ಬರಿಗೂ ಐವತ್ತರ ಹತ್ತಿರವಾದಾಗ ಒಟ್ಟಿಗೆ ತಿರುಗಿ ನಾಟಕದ ಥಿಯೇಟರುಗಳಲ್ಲಿ ಗುದ್ದಾಟದ ಪ್ರದರ್ಶನ ಕೊಟ್ಟರು. ಜನ ಟಿಕೆಟ್ ತೆಗೆದುಕೊಂಡು ಬಂದು ಬೊಜ್ಜು ಬಂದ ಇಬ್ಬರು ಮುದುಕರನ್ನು ನೋಡಿದರು.

1918ರ ಫೆಬ್ರವರಿಯಲ್ಲಿ ಸಲಿವನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಕಿಲ್ರೇನ್ ಒಬ್ಬ. ತಾನು ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಮ್ಯಾಸಚೂಸೆಟ್ಸಿನ ಕ್ವಿನ್ಸಿ ಎಂಬಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರನ ಕೆಲಸ ಮಾಡಿದ. 1937ರ ಡಿಸೆಂಬರಿನಲ್ಲಿ ಅಲ್ಲೇ ಸತ್ತ.